ಮೊದಲ ಓವರ್‌ಕ್ಲಾಕ್: ಬೇರೆಯವರ ಅಂಕಿ ನಿಮ್ಮ ಚಿಪ್ಪಿಗೆ ಒಗ್ಗುವುದಿಲ್ಲ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ ಐ5-12600ಕೆ ಪ್ರೊಸೆಸರ್, ಝಡ್690 ಮದರ್‌ಬೋರ್ಡ್, ಒಂದು ದೊಡ್ಡ ಟವರ್ ಏರ್ ಕೂಲರ್ ಇವೆ. ಇದೇ ಚಿಪ್ಪಿಗೆ 1.4 ವೋಲ್ಟ್ ಕೊಟ್ಟು 5.2 ಗಿಗಾಹರ್ಟ್ಸ್‌ನಲ್ಲಿ ಓಡಿಸಿದ್ದನ್ನು ಒಂದು ವಿಡಿಯೋದಲ್ಲಿ ನೋಡಿದೆ. ನಾನೂ ಅದೇ ಅಂಕಿ ಹಾಕಬಹುದಾ? ಸುಟ್ಟುಹೋಗುತ್ತದೇನೋ ಅಂತ ಭಯ. ಕೆಲಸಕ್ಕೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ, ಬಿಡುವಿದ್ದಾಗ ಗೇಮ್ ಆಡುತ್ತೇನೆ. ಇದೇ ಮೊದಲ ಸಲ.

ಉತ್ತರ: ಓವರ್‌ಕ್ಲಾಕ್, ಅಂದರೆ ಚಿಪ್ಪನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸುವುದು, ಖಂಡಿತ ಮಾಡಬಹುದು. ಆದರೆ ಆ ವಿಡಿಯೋದ ಅಂಕಿಗಳನ್ನು ನಿಮ್ಮ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಹಾಗೇ ಹಾಕಬೇಡಿ. ಅದರಲ್ಲೂ ಆ 1.4 ವೋಲ್ಟ್ ಬೇಡವೇ ಬೇಡ.

ನಿಮ್ಮ ಹತ್ತಿರ ಇರುವ ಸಾಮಾನು ಈ ಕೆಲಸಕ್ಕೆ ಸರಿಯಾಗಿದೆ. ಇಂಟೆಲ್ ಚಿಪ್ಪಿನ ಹೆಸರಿನ ಕೊನೆಗೆ 'ಕೆ' ಅಂತ ಇದ್ದರೆ ಅದರ ಮಲ್ಟಿಪ್ಲೈಯರ್‌ಗೆ, ಅಂದರೆ ವೇಗ ಗೊತ್ತುಮಾಡುವ ಸಂಖ್ಯೆಗೆ, ಬೀಗ ಹಾಕಿಲ್ಲ ಅಂತ ಅರ್ಥ. ಝಡ್ ಸಾಲಿನ ಮದರ್‌ಬೋರ್ಡ್ ಇದ್ದರೆ ಅದನ್ನು ಏರಿಸಬಹುದು. ಬಿ ಸಾಲಿನ ಬೋರ್ಡಿನಲ್ಲಿ ಮೆಮೊರಿಯ ವೇಗ ಮಾತ್ರ ಏರಿಸಬಹುದು, ಪ್ರೊಸೆಸರಿನದ್ದು ಆಗುವುದಿಲ್ಲ. ಇನ್ನು ಬೇರೆಯವರ ಅಂಕಿ ಯಾಕೆ ಬೇಡ ಅಂದರೆ, ಒಂದೇ ಹೆಸರಿನ ಎರಡು ಚಿಪ್ಪುಗಳು ಒಂದೇ ಥರ ಇರುವುದಿಲ್ಲ. ಒಂದು 1.22 ವೋಲ್ಟ್‌ನಲ್ಲೇ 5.0 ಗಿಗಾಹರ್ಟ್ಸ್ ಮುಟ್ಟಬಹುದು. ಅದೇ ಪೆಟ್ಟಿಗೆಯ ಇನ್ನೊಂದು 1.32 ಕೇಳಬಹುದು. ಇದಕ್ಕೇ ಸಿಲಿಕಾನ್ ಲಾಟರಿ ಅನ್ನುತ್ತಾರೆ. ವಿಡಿಯೋ ಮಾಡಿದವರ ಕೂಲರ್ ಬೇರೆ, ಬೋರ್ಡ್ ಬೇರೆ. ಆ ವೇಗದಲ್ಲಿ ಅವರ ಕಂಪ್ಯೂಟರ್ ಹತ್ತು ನಿಮಿಷ ಓಡಿತೋ ಹತ್ತು ತಿಂಗಳು ಓಡಿತೋ, ಅದೂ ನಮಗೆ ಕಾಣುವುದಿಲ್ಲ.

ಈ ವೇಗ ಎಲ್ಲಿಂದ ಬರುತ್ತದೆ ಅನ್ನುವುದು ತಿಳಿದರೆ ಅರ್ಧ ಭಯ ಹೋಗುತ್ತದೆ. ಬೋರ್ಡಿನಲ್ಲಿ 100 ಮೆಗಾಹರ್ಟ್ಸ್‌ನ ಒಂದು ಮೂಲ ಗಡಿಯಾರ ಇರುತ್ತದೆ. ಅದಕ್ಕೆ ಬೇಸ್ ಕ್ಲಾಕ್ ಅನ್ನುತ್ತಾರೆ. ಪ್ರೊಸೆಸರ್ ಅದನ್ನು ಒಂದು ಸಂಖ್ಯೆಯಿಂದ ಗುಣಿಸಿಕೊಳ್ಳುತ್ತದೆ. 45ರಿಂದ ಗುಣಿಸಿದರೆ 4.5 ಗಿಗಾಹರ್ಟ್ಸ್, 50ರಿಂದ ಗುಣಿಸಿದರೆ 5.0. ನೀವು ಮುಟ್ಟಬೇಕಾದ್ದು ಈ ಗುಣಿಸುವ ಸಂಖ್ಯೆಯನ್ನು ಮಾತ್ರ, ಅಂದರೆ ಮಲ್ಟಿಪ್ಲೈಯರ್. ಆ 100 ಹಾಗೇ ಇರಲಿ. ಅದರ ಮೇಲೆ ಪ್ರೊಸೆಸರ್ ಒಂದೇ ಅಲ್ಲ, ಮೆಮೊರಿಯ ವೇಗವೂ ನಿಂತಿರುತ್ತದೆ. ಅದನ್ನು ಅಲುಗಾಡಿಸಿದರೆ ತೊಂದರೆ ಎಲ್ಲಿಂದ ಬಂತು ಅಂತ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.

ಗಡಿಯಾರದ ಒಂದೊಂದು ಬಡಿತದೊಳಗೆ ಚಿಪ್ಪಿನ ಟ್ರಾನ್ಸಿಸ್ಟರ್‌ಗಳು ತಮ್ಮ ಕೆಲಸ ಮುಗಿಸಬೇಕು. ಬಡಿತ ಬೇಗ ಬೇಗ ಬಂದರೆ ಸಮಯ ಕಡಿಮೆಯಾಗುತ್ತದೆ. ಅವು ಚುರುಕಾಗಿ ಬದಲಾಗಬೇಕು ಅಂದರೆ ಜಾಸ್ತಿ ವೋಲ್ಟೇಜ್ ಬೇಕು. ಇಲ್ಲೇ ಬೆಲೆ ಕಟ್ಟಬೇಕಾಗುವುದು. ಚಿಪ್ಪು ಕೆಲಸ ಮಾಡುವಾಗ ನುಂಗುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ, ಆದರೆ ವೋಲ್ಟೇಜಿನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಏರುತ್ತದೆ. ಒಂದು ಲೆಕ್ಕ ಹಾಕೋಣ. ನಿಮ್ಮ ಚಿಪ್ಪು 4.5 ಗಿಗಾಹರ್ಟ್ಸ್‌ಗೆ 1.15 ವೋಲ್ಟ್ ತೆಗೆದುಕೊಳ್ಳುತ್ತದೆ, 5.0ಕ್ಕೆ 1.30 ಕೇಳುತ್ತದೆ ಅಂತಿಟ್ಟುಕೊಳ್ಳಿ. ವೇಗ ಏರಿದ್ದು ನೂರಕ್ಕೆ 11ರಷ್ಟು. ವಿದ್ಯುತ್ತು ಏರಿದ್ದು ನೂರಕ್ಕೆ 42ರಷ್ಟು. ಮೊದಲು 100 ವ್ಯಾಟ್ ಇದ್ದದ್ದು ಈಗ 142 ವ್ಯಾಟ್. ಅಷ್ಟೂ ಶಾಖವಾಗಿ ಬದಲಾಗಿ ನಿಮ್ಮ ಕೂಲರಿನ ತಲೆಯ ಮೇಲೆ ಕೂರುತ್ತದೆ. 5.0ರಿಂದ 5.2ಕ್ಕೆ ಹೋಗುವ ದಾರಿ ಇನ್ನೂ ದುಬಾರಿ. ಕೊನೆಯ ಮೆಟ್ಟಿಲುಗಳು ಯಾವಾಗಲೂ ಹಾಗೇ.

ಸುಟ್ಟುಹೋಗುತ್ತದಾ ಅಂತ ಕೇಳಿದ್ದೀರಿ. ಬಿಸಿಯಿಂದ ಒಂದೇ ಏಟಿಗೆ ಸುಡುವುದು ಈಗ ತೀರಾ ಅಪರೂಪ. ನಿಮ್ಮ ಚಿಪ್ಪಿನ ಶಾಖದ ಮಿತಿ 100 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಮುಟ್ಟಿದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೆ ಥ್ರಾಟಲಿಂಗ್ ಅನ್ನುತ್ತಾರೆ. ಆಗಲೂ ಬಿಸಿ ಏರುತ್ತಲೇ ಹೋದರೆ ಕಂಪ್ಯೂಟರನ್ನೇ ಆರಿಸಿಬಿಡುತ್ತದೆ. ಆದರೆ ನೀವೇ ಕೈಯಾರೆ ಕೊಡುವ ಜಾಸ್ತಿ ವೋಲ್ಟೇಜಿನಿಂದ ಹೀಗೆ ಯಾರೂ ಕಾಪಾಡುವುದಿಲ್ಲ. ಬಯೋಸ್‌ನಲ್ಲಿ 1.45 ಅಂತ ಹಾಕಿದರೆ ಬೋರ್ಡ್ ಅದನ್ನು ಕೊಟ್ಟೇಬಿಡುತ್ತದೆ. ಆ ಹಾನಿ ಮೆಲ್ಲಗೆ ನಡೆಯುತ್ತದೆ. ಚಿಪ್ಪಿನೊಳಗಿನ ತಂತಿಗಳು ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ. ಜಾಸ್ತಿ ಕರೆಂಟು, ಜಾಸ್ತಿ ಬಿಸಿ ಸೇರಿದರೆ ಆ ತಂತಿಗಳ ಲೋಹದ ಕಣಗಳು ಜಾಗ ಬಿಟ್ಟು ಸರಿಯತೊಡಗುತ್ತವೆ. ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಂದು ದಿನ, ಮೊದಲು ಸರಾಗವಾಗಿ ನಡೆಯುತ್ತಿದ್ದ ವೇಗದಲ್ಲೇ ಕಂಪ್ಯೂಟರ್ ತಡವರಿಸುತ್ತದೆ.

ಇದು ಬರೀ ಹೆದರಿಸುವ ಮಾತಲ್ಲ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳಲ್ಲಿ ಹೀಗೇ ಆಯಿತು. ಓವರ್‌ಕ್ಲಾಕ್ ಮಾಡದೇ ಇದ್ದವರಿಗೂ ಆಯಿತು. ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ಕೇಳಿ ಚಿಪ್ಪುಗಳು ಸವೆದಿದ್ದವು. ಇಂಟೆಲ್ ಆಗಸ್ಟ್‌ನಲ್ಲಿ 0ಎಕ್ಸ್129 ಅನ್ನುವ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ನಿಯಂತ್ರಣ ಸಾಫ್ಟ್‌ವೇರ್) ಬಿಡುಗಡೆ ಮಾಡಿ 1.55 ವೋಲ್ಟ್‌ನ ಮೇಲಿನ ಬೇಡಿಕೆಗೆ ಕಡಿವಾಣ ಹಾಕಿತು, ಆ ಚಿಪ್ಪುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ನಿಮ್ಮದು 12ನೇ ತಲೆಮಾರು, ಆ ಪಟ್ಟಿಯಲ್ಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2023ರಲ್ಲಿ, ಎಎಂಡಿಯ ಕೆಲವು ರೈಜನ್ 7000 ಚಿಪ್ಪುಗಳು ಸಾಕೆಟ್‌ನಲ್ಲೇ ಸುಟ್ಟವು. ಆಗ ಬಯೋಸ್ ಅಪ್‌ಡೇಟ್ ಮೂಲಕ ಎಸ್‌ಒಸಿ ವೋಲ್ಟೇಜಿಗೆ (ಚಿಪ್ಪಿನಲ್ಲಿ ಮೆಮೊರಿ ನಿಯಂತ್ರಣದಂಥ ಭಾಗಗಳಿಗೆ ಹೋಗುವ ವೋಲ್ಟೇಜಿಗೆ) 1.3ರ ಮಿತಿ ಹಾಕಬೇಕಾಯಿತು. ಅದಕ್ಕೇ ನನ್ನ ಮೊದಲ ಸಲಹೆ, ಏನನ್ನೂ ಮುಟ್ಟುವ ಮುಂಚೆ ಬೋರ್ಡಿನ ಬಯೋಸನ್ನು ಹೊಸದಕ್ಕೆ ಅಪ್‌ಡೇಟ್ ಮಾಡಿ. ಮತ್ತೊಂದು ಮಾತು. ಬೀಗ ತೆಗೆದ ಚಿಪ್ಪನ್ನು ಮಾರುವ ಕಂಪನಿಗಳೇ ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿ ವಾರಂಟಿಗೆ ಸೇರುವುದಿಲ್ಲ ಅನ್ನುತ್ತವೆ. ಇಂಟೆಲ್ ಆಗಲಿ, ಎಎಂಡಿ ಆಗಲಿ.

ಇಷ್ಟೆಲ್ಲ ಮಾಡಿ ಸಿಗುವುದೇನು? 1998ರಲ್ಲಿ ಸೆಲೆರಾನ್ 300ಎ ಅನ್ನುವ ಚಿಪ್ಪು ಬಂತು. ಅದರ ಬಸ್ ವೇಗವನ್ನು, ಅಂದರೆ ಆಗಿನ ಮೂಲ ಗಡಿಯಾರವನ್ನು, 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್ ಚಿಪ್ಪು 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು! 2011ರ ಐ5-2500ಕೆ ಕೂಡ ಅಷ್ಟೇ, 3.3 ಗಿಗಾಹರ್ಟ್ಸ್‌ನದ್ದು 4.5ಕ್ಕೆ ಹೋಗುವುದು ಮಾಮೂಲಿಯಾಗಿತ್ತು. ಆಗ ಕಂಪನಿಗಳು ಚಿಪ್ಪಿನಲ್ಲಿ ತುಂಬಾ ಜಾಗ ಬಿಟ್ಟು ಮಾರುತ್ತಿದ್ದವು. ಈಗ ಆ ಜಾಗವನ್ನು ಟರ್ಬೊ ಅನ್ನುವ ಸೌಲಭ್ಯವೇ ತುಂಬಿಬಿಡುತ್ತದೆ. ನಿಮ್ಮ 12600ಕೆಯ ದೊಡ್ಡ ಕೋರ್‌ಗಳ (ಭಾರದ ಕೆಲಸ ಮಾಡುವ ಆರು ಲೆಕ್ಕದ ಘಟಕಗಳ) ಮೂಲ ವೇಗ 3.7. ಆದರೆ ಒಂದೆರಡು ಕೋರ್‌ಗೆ ಮಾತ್ರ ಕೆಲಸ ಇದ್ದಾಗ ಅದು ತಾನಾಗಿಯೇ 4.9ಕ್ಕೆ ಹೋಗುತ್ತದೆ, ಆರೂ ದುಡಿಯುವಾಗ 4.5ರಲ್ಲಿ ನಿಲ್ಲುತ್ತದೆ. ಅಂದರೆ ನಿಮಗೆ ಸಿಗುವ ಲಾಭ ಎಲ್ಲ ಕೋರ್ ದುಡಿಯುವ ಕೆಲಸದಲ್ಲಿ. ಪ್ರೊಸೆಸರ್ ಮೇಲೇ ನಡೆಯುವ 20 ನಿಮಿಷದ ಎಕ್ಸ್‌ಪೋರ್ಟ್ ಒಂದಿದ್ದರೆ, 5.0 ಗಿಗಾಹರ್ಟ್ಸ್‌ನಲ್ಲಿ ಅದು ಹೆಚ್ಚೆಂದರೆ 18 ನಿಮಿಷಕ್ಕೆ ಇಳಿದೀತು. ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡಿನ ಬಳಕೆ ನೋಡಿ. ಅದು ಯಾವಾಗಲೂ ನೂರಕ್ಕೆ 97, 98 ಅಂತ ತೋರಿಸುತ್ತಿದ್ದರೆ ಕಾದು ಕೂತಿರುವುದು ಪ್ರೊಸೆಸರ್. ಅದನ್ನು ಎಷ್ಟು ಏರಿಸಿದರೂ ಫ್ರೇಮ್ ಏರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ಸುಲಭವಾಗುತ್ತದೆ. ನನಗಂತೂ ಆ ಎರಡು ನಿಮಿಷಕ್ಕಿಂತ ಸ್ವಂತ ಕಂಪ್ಯೂಟರಿನ ಒಳಗು ಅರ್ಥವಾಗುವುದೇ ದೊಡ್ಡ ಲಾಭ ಅನ್ನಿಸುತ್ತದೆ.

ಈಗ ತಯಾರಿ. ಮುಖ್ಯ ಫೈಲುಗಳನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿ, ಆ ಡ್ರೈವನ್ನು ಕಂಪ್ಯೂಟರಿನಿಂದ ಕಳಚಿ ಇಡಿ. ಇದನ್ನು ನಾನು ಕಲಿತದ್ದು ಕಳೆದುಕೊಂಡ ಮೇಲೆ. ಹಲವು ವರ್ಷಗಳ ಹಿಂದೆ ನನ್ನ ಒಂದು ಓವರ್‌ಕ್ಲಾಕ್ ಎಲ್ಲ ಚೆನ್ನಾಗಿದೆ ಅನ್ನಿಸುವಂತೆ ನಡೆಯುತ್ತಿತ್ತು. ಗೇಮ್ ಆಡಿದೆ, ವಾರಗಟ್ಟಲೆ ಒಂದೂ ಕ್ರ್ಯಾಶ್ ಇಲ್ಲ. ಆ ವಾರಗಳಲ್ಲೇ ಹಳೆಯ ಫೋಟೋಗಳನ್ನು ಜಿಪ್ ಮಾಡಿ ಇಟ್ಟು, ಮೂಲ ಫೈಲುಗಳನ್ನು ಅಳಿಸಿದ್ದೆ. ಆಮೇಲೆ ತೆರೆಯಲು ಹೋದರೆ ಅರ್ಧದಷ್ಟು ಜಿಪ್ ಫೈಲುಗಳು ಬಿಚ್ಚಿಕೊಳ್ಳಲಿಲ್ಲ. ಪ್ರೊಸೆಸರ್ ಆಗೊಮ್ಮೆ ಈಗೊಮ್ಮೆ ಲೆಕ್ಕ ತಪ್ಪಿತ್ತು, ಸದ್ದಿಲ್ಲದೆ. ಆ ಚಿತ್ರಗಳು ಮತ್ತೆ ಸಿಗಲಿಲ್ಲ. ಅಂದಿನಿಂದ ನನ್ನ ಪಾಲಿಗೆ ಸ್ಟೇಬಲ್ ಅಂದರೆ ವಿಂಡೋಸ್ ತೆರೆದುಕೊಳ್ಳುವುದಲ್ಲ, ಗೇಮ್ ನಡೆಯುವುದೂ ಅಲ್ಲ. ಪ್ರತಿ ಲೆಕ್ಕವೂ ಸರಿ ಬರಬೇಕು.

ಹಿಂದಕ್ಕೆ ಬರುವ ದಾರಿಯನ್ನೂ ಮೊದಲೇ ನೋಡಿಟ್ಟುಕೊಳ್ಳಿ. ತಪ್ಪು ಸೆಟ್ಟಿಂಗ್ ಹಾಕಿ ಕಂಪ್ಯೂಟರ್ ಆನ್ ಆಗದೇ ಹೋದರೆ ಗಾಬರಿ ಬೇಡ. ಸಿಮಾಸ್ ಕ್ಲಿಯರ್ ಮಾಡಿದರೆ, ಅಂದರೆ ಬಯೋಸ್‌ನಲ್ಲಿ ಉಳಿಸಿಟ್ಟ ಸೆಟ್ಟಿಂಗ್‌ಗಳನ್ನು ಅಳಿಸಿದರೆ, ಎಲ್ಲ ಮೊದಲಿನಂತಾಗುತ್ತದೆ. ಅದಕ್ಕೆ ನಿಮ್ಮ ಬೋರ್ಡಿನಲ್ಲಿ ಹಿಂದೆ ಬಟನ್ ಇದೆಯಾ, ಒಳಗೆ ಎರಡು ಪಿನ್ ಕೂಡಿಸಬೇಕಾ ಅಂತ ಮ್ಯಾನುಯಲ್‌ನಲ್ಲಿ ಇಂದೇ ನೋಡಿ. ಕೂಲರ್‌ನ ಧೂಳು ತೆಗೆಯಿರಿ. ಥರ್ಮಲ್ ಪೇಸ್ಟ್ ಹಚ್ಚಿ ಕೆಲವು ವರ್ಷ ಆಗಿದ್ದರೆ ಹಳೆಯದನ್ನು ಒರೆಸಿ ಹೊಸದು ಹಚ್ಚಿ. ಎಕ್ಸ್‌ಎಂಪಿ ಹಾಕಿದ್ದರೆ ಸದ್ಯಕ್ಕೆ ತೆಗೆದುಬಿಡಿ. ಅದೂ ಒಂದು ಓವರ್‌ಕ್ಲಾಕೇ, ಮೆಮೊರಿಯದ್ದು. ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಯಾರದ್ದು ಅಂತ ತಿಳಿಯುವುದಿಲ್ಲ.

ಆಮೇಲೆ ಏನೂ ಬದಲಾಯಿಸದೆ ಒಂದು ಓಟ. ಬಿಸಿ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೊ ಸಾಫ್ಟ್‌ವೇರ್ ತೆರೆದಿಟ್ಟು, ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಆರ್23 ಹತ್ತು ನಿಮಿಷ ಓಡಿಸಿ. ಅಂಕ ಎಷ್ಟು, ಕೋರ್‌ಗಳ ಗರಿಷ್ಠ ಬಿಸಿ ಎಷ್ಟು, ವಿಕೋರ್ (ಕೋರ್‌ಗಳಿಗೆ ಹೋಗುವ ವೋಲ್ಟೇಜ್) ಎಷ್ಟು, ವ್ಯಾಟ್ ಎಷ್ಟು, ಕಾಗದದ ಮೇಲೆ ಬರೆದುಕೊಳ್ಳಿ. ಕಾಗದ ಅಂದದ್ದು ಬೇಕೆಂದೇ, ಕಂಪ್ಯೂಟರ್ ನಿಂತುಹೋದಾಗಲೇ ಅದು ಬೇಕಾಗುವುದು. ಈ ಓಟದಲ್ಲೇ 85 ಡಿಗ್ರಿ ದಾಟಿದರೆ ಓವರ್‌ಕ್ಲಾಕ್ ಮಾತು ಅಲ್ಲಿಗೇ ನಿಲ್ಲಿಸಿ, ಕೂಲರ್ ಮತ್ತು ಕೇಸಿನ ಗಾಳಿಯ ಕಡೆ ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಇಲ್ಲಿ ಹಾಸಿಗೆ ಅಂದರೆ ಕೂಲರ್.

ಬಯೋಸ್‌ನಲ್ಲಿ ನಾನು ಹೊಸಬರಿಗೆ ಹೇಳುವ ಕ್ರಮ ಹೀಗಿದೆ. ಸಣ್ಣ ಕೋರ್‌ಗಳನ್ನು (ಹಗುರ ಕೆಲಸದವು) ಮುಟ್ಟಬೇಡಿ, ಅವು ಇದ್ದ ಹಾಗೇ ಇರಲಿ. ರಿಂಗ್ ಅಥವಾ ಕ್ಯಾಶ್ ವೇಗವನ್ನೂ (ಕೋರ್‌ಗಳನ್ನು ಒಂದಕ್ಕೊಂದು ಸೇರಿಸುವ ದಾರಿಯ ವೇಗ) ಹಾಗೇ ಬಿಡಿ. ದೊಡ್ಡ ಕೋರ್‌ಗಳ ಮಲ್ಟಿಪ್ಲೈಯರನ್ನು ಮಾತ್ರ 47 ಮಾಡಿ. ವೋಲ್ಟೇಜನ್ನು ಆಟೋದಲ್ಲಿ ಬಿಡಬೇಡಿ. ಮಲ್ಟಿಪ್ಲೈಯರ್ ಏರಿದ್ದು ಕಂಡರೆ ಎಷ್ಟೋ ಬೋರ್ಡುಗಳು ಯಾವುದಕ್ಕೂ ಇರಲಿ ಅಂತ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಡುತ್ತವೆ. ಮೊದಲಿಗೆ ಸ್ಥಿರವಾಗಿ 1.20 ಅಂತ ಹಾಕಿ. ಸರಿಯಾದ ಅಂಕಿ ಸಿಕ್ಕ ಮೇಲೆ ಅಡಾಪ್ಟಿವ್‌ಗೆ ಬದಲಾಯಿಸಿಕೊಳ್ಳಬಹುದು, ಆಗ ಕೆಲಸ ಇಲ್ಲದಾಗ ವೋಲ್ಟೇಜ್ ತಾನೇ ಇಳಿಯುತ್ತದೆ.

ಲೋಡ್‌ಲೈನ್ ಕ್ಯಾಲಿಬ್ರೇಷನ್ ಅಂತ ಒಂದು ಸಾಲು ಕಾಣುತ್ತದೆ. ಇದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಮನೆಯ ಎಲ್ಲ ನಲ್ಲಿಗಳನ್ನು ಒಟ್ಟಿಗೆ ಬಿಟ್ಟರೆ ನೀರಿನ ರಭಸ ಕಡಿಮೆ ಆಗುತ್ತದೆ ಅಲ್ವಾ? ಹಾಗೆಯೇ ಪ್ರೊಸೆಸರ್ ಪೂರ್ತಿ ದುಡಿಯುವಾಗ ಅದಕ್ಕೆ ತಲುಪುವ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ. ಈ ಸೆಟ್ಟಿಂಗ್ ಆ ಇಳಿತವನ್ನು ತುಂಬಿಕೊಡುತ್ತದೆ. ಹಾಗಂತ ಪೂರ್ತಿ ಏರಿಸಿಟ್ಟರೆ ಇನ್ನೊಂದು ಕಷ್ಟ. ಎಲ್ಲ ನಲ್ಲಿಗಳನ್ನು ಫಕ್ಕನೆ ನಿಲ್ಲಿಸಿದಾಗ ಪೈಪು ಧಡ್ ಅನ್ನುತ್ತದಲ್ಲ, ಹಾಗೆ ಕೆಲಸ ಒಮ್ಮೆಲೇ ನಿಂತಾಗ ವೋಲ್ಟೇಜ್ ಒಂದು ಕ್ಷಣ ನೀವು ಹಾಕಿದ್ದಕ್ಕಿಂತ ಮೇಲೆ ಜಿಗಿಯುತ್ತದೆ. ಅದು ಎಷ್ಟು ಚುಟುಕು ಅಂದರೆ ಸಾಫ್ಟ್‌ವೇರ್‌ನಲ್ಲಿ ಕಾಣುವುದೇ ಇಲ್ಲ. ಮಧ್ಯದ ಹಂತದಲ್ಲಿಡಿ. ಹಂತಗಳ ಎಣಿಕೆ ಒಂದೊಂದು ಕಂಪನಿಯ ಬೋರ್ಡಿನಲ್ಲಿ ಒಂದೊಂದು ಥರ. ಕೆಲವದರಲ್ಲಿ 1 ಅಂದರೆ ಕಡಿಮೆ, ಕೆಲವದರಲ್ಲಿ 1 ಅಂದರೇ ಗರಿಷ್ಠ. ಮ್ಯಾನುಯಲ್ ನೋಡದೆ ಹಾಕಬೇಡಿ.

ಸೇವ್ ಮಾಡಿ ವಿಂಡೋಸ್‌ಗೆ ಬನ್ನಿ. ಮತ್ತೆ ಹತ್ತು ನಿಮಿಷ ಸಿನೆಬೆಂಚ್. ಸರಿ ಇದ್ದರೆ 48, ಆಮೇಲೆ 49. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲಿ ತೊಂದರೆ ಶುರುವಾಗುತ್ತದೋ ಅಲ್ಲಿ ವೋಲ್ಟೇಜನ್ನು 0.01 ಅಥವಾ 0.02 ಏರಿಸಿ ನೋಡಿ. ಏರ್ ಕೂಲರ್ ಇರುವ, ಮೊದಲ ಸಲ ಮಾಡುತ್ತಿರುವ ನಿಮಗೆ ನಾನು ಹಾಕುವ ಗೆರೆ ಇದು: ಲೋಡ್‌ನಲ್ಲಿ 1.30 ವೋಲ್ಟ್, ಸಿನೆಬೆಂಚ್‌ನಲ್ಲಿ 85 ಡಿಗ್ರಿ. ಎರಡರಲ್ಲಿ ಯಾವುದು ಮೊದಲು ಬಂದರೂ ನಿಲ್ಲಿಸಿ, ಮಲ್ಟಿಪ್ಲೈಯರನ್ನು ಒಂದು ಹೆಜ್ಜೆ ಇಳಿಸಿ. ಇದಕ್ಕಿಂತ ಜಾಸ್ತಿಯಲ್ಲಿ ವರ್ಷಗಟ್ಟಲೆ ಓಡಿಸುವವರು ಇದ್ದಾರೆ. ಆದರೆ ಕೆಲಸಕ್ಕೆ ನಂಬಿರುವ ಕಂಪ್ಯೂಟರಿನಲ್ಲಿ ಅದನ್ನು ಮಾಡಿ ಅಂತ ನಾನು ಹೇಳಲಾರೆ.

ತೊಂದರೆ ಅಂದರೆ ನೀಲಿ ಪರದೆ ಒಂದೇ ಅಲ್ಲ. ಗೇಮ್ ಏನೂ ಹೇಳದೆ ಮುಚ್ಚಿಕೊಂಡು ಡೆಸ್ಕ್‌ಟಾಪ್‌ಗೆ ಬರುವುದು, ಎಕ್ಸ್‌ಪೋರ್ಟ್ ಮಧ್ಯದಲ್ಲಿ ನಿಲ್ಲುವುದು, ಇವೂ ಸೂಚನೆಗಳೇ. ಎಲ್ಲಕ್ಕಿಂತ ಮೊದಲು ಗುಟ್ಟಾಗಿ ಸುಳಿವು ಕೊಡುವುದು ಡಬ್ಲ್ಯೂಎಚ್‌ಇಎ ಅನ್ನುವ ಎರರ್. ಚಿಪ್ಪು ತಪ್ಪು ಮಾಡಿ, ತಾನೇ ತಿದ್ದಿಕೊಂಡು ಮುಂದೆ ಹೋದಾಗ ಇದು ದಾಖಲಾಗುತ್ತದೆ. ಎಚ್‌ಡಬ್ಲ್ಯೂಇನ್ಫೊದ ಪಟ್ಟಿಯ ಕೆಳಗಡೆ ಇದರ ಎಣಿಕೆ ಸಿಗುತ್ತದೆ. ಅಲ್ಲಿ ಸೊನ್ನೆಯೇ ಇರಬೇಕು. ಒಂದು ಬಂದರೂ ಆ ಸೆಟ್ಟಿಂಗ್ ಇನ್ನೂ ಪಕ್ವ ಆಗಿಲ್ಲ.

ಸಿನೆಬೆಂಚ್ ದಾಟಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಒಂದು ಗಂಟೆ ಓಸಿಸಿಟಿ ಅಥವಾ ಪ್ರೈಮ್95 ಓಡಿಸಿ. ಇವು ತಮ್ಮ ಲೆಕ್ಕವನ್ನು ತಾವೇ ತಾಳೆ ನೋಡುತ್ತವೆ. ನನ್ನ ಜಿಪ್ ಫೈಲುಗಳಿಗೆ ಆದಂಥ ಮೌನದ ತಪ್ಪನ್ನು ಹಿಡಿಯುವುದು ಇಂಥ ಪರೀಕ್ಷೆಗಳೇ. ಆದರೆ ಪ್ರೈಮ್95ರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಅನ್ನುವ ಪರೀಕ್ಷೆಯನ್ನು ಎವಿಎಕ್ಸ್ (ಒಟ್ಟೊಟ್ಟಿಗೆ ಹಲವು ಲೆಕ್ಕ ಮಾಡಿಸುವ ಭಾರದ ಸೂಚನೆಗಳು) ಇಟ್ಟುಕೊಂಡು ಓಡಿಸಬೇಡಿ. ಅದು ಕೊಡುವ ಬಿಸಿ ನಿಮ್ಮ ಯಾವ ನಿಜವಾದ ಕೆಲಸದಲ್ಲೂ ಬರುವುದಿಲ್ಲ, ಏರ್ ಕೂಲರ್‌ಗೆ ಅದು ಸುಮ್ನೆ ಹಿಂಸೆ. ಬ್ಲೆಂಡ್ ಪರೀಕ್ಷೆ ಸಾಕು, ಅಲ್ಲೂ 90 ಡಿಗ್ರಿ ದಾಟಿದರೆ ನಿಲ್ಲಿಸಿಬಿಡಿ. ಕೊನೆಗೆ ನಿಮ್ಮದೇ ಒಂದು ದೊಡ್ಡ ಪ್ರಾಜೆಕ್ಟನ್ನು ಅರ್ಧ ದಿನ ಮತ್ತೆ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಎಲ್ಲ ಸರಿ ಬಂದ ಮೇಲೆ ಎಕ್ಸ್‌ಎಂಪಿ ಮತ್ತೆ ಹಾಕಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಲಿ. ಬಯೋಸ್‌ನ ಪ್ರೊಫೈಲ್ ಸೇವ್ ಮಾಡಿಟ್ಟುಕೊಳ್ಳಿ.

ನಿಮ್ಮ ಚಿಪ್ಪು 4.8ರಲ್ಲೇ ನಿಂತುಬಿಟ್ಟರೆ ಒಂದು ಸೂಕ್ಷ್ಮ ಇದೆ. ಎಲ್ಲ ಕೋರ್‌ಗಳನ್ನೂ 4.8ಕ್ಕೆ ಕಟ್ಟಿಹಾಕಿದರೆ, ಒಂದೆರಡು ಕೋರ್ ಮಾತ್ರ ದುಡಿಯುವಾಗ ಸಿಗುತ್ತಿದ್ದ 4.9 ಹೋಗುತ್ತದೆ. ಎಷ್ಟು ಕೋರ್ ದುಡಿಯುತ್ತಿವೆ ಅನ್ನುವುದರ ಮೇಲೆ ವೇಗ ಗೊತ್ತುಮಾಡುವ ಆಯ್ಕೆ ಝಡ್ ಬೋರ್ಡುಗಳಲ್ಲಿ ಇರುತ್ತದೆ. ಒಂದೆರಡಕ್ಕೆ 49, ಉಳಿದದ್ದಕ್ಕೆ 48 ಅಂತ ಹಾಕಿಕೊಳ್ಳಿ. ಹೀಗೆ ಬೇರೆ ಬೇರೆ ವೇಗ ಇದ್ದಾಗ ಸ್ಥಿರ ವೋಲ್ಟೇಜಿಗಿಂತ ಅಡಾಪ್ಟಿವ್ ಇಡುವುದೇ ಒಳ್ಳೆಯದು.

ಎಎಂಡಿಯ ರೈಜನ್ ಚಿಪ್ಪು ಇರುವವರಿಗೂ ಎರಡು ಮಾತು. ಅದರಲ್ಲಿ ಮಲ್ಟಿಪ್ಲೈಯರ್ ಕಟ್ಟಿಹಾಕುವುದಕ್ಕಿಂತ ಪಿಬಿಒ (ಚಿಪ್ಪು ತಾನೇ ವೇಗ ಏರಿಸಿಕೊಳ್ಳಲು ಮಿತಿ ಸಡಿಲಿಸುವ ಆಯ್ಕೆ) ಆನ್ ಮಾಡಿ, ಕೋರ್‌ಗಳ ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗೆ ಮೈನಸ್ 10ರಿಂದ ಶುರು ಮಾಡುವುದು ಜಾಣತನ. ವೋಲ್ಟೇಜ್ ಇಳಿದಷ್ಟೂ ಬಿಸಿ ಇಳಿಯುತ್ತದೆ, ಬಿಸಿ ಇಳಿದಷ್ಟೂ ಚಿಪ್ಪು ತಾನೇ ಮೇಲೇರುತ್ತದೆ. ಇಲ್ಲಿ ತೊಂದರೆ ಕಾಣುವ ಜಾಗ ಬೇರೆ. ಪೂರ್ತಿ ಲೋಡ್‌ನಲ್ಲಿ ಗಟ್ಟಿಯಾಗಿ ನಿಂತ ಕಂಪ್ಯೂಟರ್ ಬ್ರೌಸರ್ ತೆರೆದಿಟ್ಟು ಸುಮ್ನೆ ಬಿಟ್ಟಾಗ ರೀಸ್ಟಾರ್ಟ್ ಆಗಬಹುದು. ತೋರಿಸುವ ವೇಗ ಏರಿದ್ದರೂ ಬೆಂಚ್‌ಮಾರ್ಕ್ ಅಂಕ ಇಳಿದಿದ್ದರೆ ಮೈನಸ್ ಜಾಸ್ತಿ ಆಯಿತು ಅಂತ ತಿಳಿಯಿರಿ.

ಮತ್ತೆ ನಿಮ್ಮ ವಿಷಯಕ್ಕೆ ಬಂದರೆ, 1.30ರ ಒಳಗೆ 4.9 ಅಥವಾ 5.0 ಸಿಕ್ಕರೆ ತೃಪ್ತಿಯಿಂದ ನಿಲ್ಲಿಸಿ. ನೀವು ಪರೀಕ್ಷೆ ಮಾಡಿದ್ದು ತಂಪು ದಿನಗಳಲ್ಲಾದರೆ ಬೇಸಿಗೆಯಲ್ಲಿ ಇನ್ನೊಮ್ಮೆ ಮಾಡಿ. ಕೋಣೆಯ ಬಿಸಿ 10 ಡಿಗ್ರಿ ಏರಿದರೆ ಚಿಪ್ಪಿನದ್ದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಇದೇ ಸೆಟ್ಟಿಂಗ್‌ನಲ್ಲಿ ಕ್ರ್ಯಾಶ್ ಶುರುವಾದರೆ ಮೊದಲು ಧೂಳು, ಪೇಸ್ಟು, ಫ್ಯಾನು ನೋಡಿ. ಅವೆಲ್ಲ ಸರಿ ಇದ್ದರೆ ಮಲ್ಟಿಪ್ಲೈಯರನ್ನು ಒಂದು ಹೆಜ್ಜೆ ಇಳಿಸಿ. ಆಗ ವೋಲ್ಟೇಜನ್ನು ಮಾತ್ರ ಏರಿಸಬೇಡಿ. ಸವೆಯುತ್ತಿರುವ ಚಿಪ್ಪಿಗೆ ಇನ್ನಷ್ಟು ವೋಲ್ಟೇಜ್ ಕೊಟ್ಟರೆ ಅದು ಇನ್ನೂ ಬೇಗ ಸವೆಯುತ್ತದೆ.